ಕೆಂಪು ಯಾವ ಕಡೆ

ಕೂಳೂರು ಸಂಕದ ಕೆಳಗೆ ಬಂಡೆಗೆ ಗುರುತು
ಒಂದು ಬಿದಿರಗಳ, ಅದರ ತಲೆಗೆ ಸ್ಕೂಟರಿನ ಟಯರು.
ಉಳ್ಳಾಲದ ಹೊಳೆಯಲ್ಲಿ ಅಂಥದೇ ಬಂಡೆಗೆ
ಯಾರದೋ ಹಳೆಯ ಪಂಚೆಯ ತುಂಡು.
ಉದ್ಯಾವರದಲ್ಲಿ ಟಯರೆಂದರೆ
ಬಲೆ ಬಿಟ್ಟಿದ್ದೇವೆ, ಸುತ್ತಿ ಹೋಗು.
ಸ್ವರ್ಣೆಯಲ್ಲಿ ಪಂಚೆಯೆಂದರೆ
ಒಣಗಹಾಕಿದ ಪಂಚೆ, ಅಷ್ಟೆ.

ಒಂದು ಹೊಳೆಯ ಮಾತು ಇನ್ನೊಂದಕ್ಕೆ ಅರ್ಥವಾಗದೆ
ಎಷ್ಟು ದೋಣಿಯ ಹೊಟ್ಟೆ ಹರಿದಿದೆಯೋ,
ಲೆಕ್ಕ ಇಟ್ಟವರಿಲ್ಲ.

ಬಂದರು ಕಚೇರಿಯಲ್ಲಿ ಎಂಜಿನಿಯರ್ ವಿಲಾಸಿನಿ
ನಕ್ಷೆ ಬಿಡಿಸಿ, ಅದು ಸುರುಟದಂತೆ
ಮೂಲೆಗೆ ಚಹಾದ ಲೋಟ ಇಟ್ಟು ಹೇಳಿದರು:
ಇನ್ನು ಎಲ್ಲ ಹೊಳೆಗೂ ಒಂದೇ ಕಾಗುಣಿತ.
ಸಮುದ್ರದಿಂದ ಒಳಗೆ ಬರುವಾಗ
ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ನಾನು ಪೈಂಟಿನವ. ಡ್ರಮ್ಮಿಗೆ ಇಷ್ಟು ಎಂದು ನನ್ನ ಲೆಕ್ಕ,
ಕಾಗುಣಿತ ನನ್ನದಲ್ಲ. ಆದರೂ ಕೇಳಿದೆ:
ಭರತ ಏರುವಾಗ ಹೊಳೆಯೇ ತಿರುಗಿ
ಮೇಲಕ್ಕೆ ಹರಿಯುತ್ತದಲ್ಲ ಮೇಡಂ,
ಆಗ ಎಡ ಯಾರದ್ದು?

ನೀರಿನದ್ದಲ್ಲ ಮಾರಾಯ್ರೆ, ಅಂದರು ನಗುತ್ತ,
ಸಮುದ್ರಕ್ಕೆ ಬೆನ್ನು ಹಾಕಿದವನದ್ದು.

ಬೆಂಗ್ರೆಯಲ್ಲಿ ಹುಟ್ಟಿದವನಿಗೆ ಇದು ಸುಲಭವಲ್ಲ.
ಅಳಿವೆ ದಾಟಿ ಗುರುಪುರ ಹೊಳೆಯಲ್ಲಿ ಬಡಗಕ್ಕೆ ಏರಿದರೆ
ಸಮುದ್ರ ಬೆನ್ನಿಗಿರುವುದಿಲ್ಲ,
ಮರಳದಿಬ್ಬದ ಆಚೆ, ಎಡಭುಜದ ಪಕ್ಕ
ಜೊತೆಗೇ ನಡೆದು ಬರುತ್ತದೆ,
ಹರಟೆಗೆ ಸಿಕ್ಕ ನೆರೆಯವನ ಹಾಗೆ.

ಒಂಬತ್ತು ಕೆಂಪು ಮುಗಿಸಿ ಹಸಿರು ಕಲಸುತ್ತಿದ್ದೆ.
ಕಡವಿನ ಇದ್ದಿನಬ್ಬ ಬಂದರು,
ಬೀಡಿ ಹಚ್ಚದೆ ಬಾಯಲ್ಲಿಟ್ಟು
ಒಣಗುತ್ತಿದ್ದ ಡ್ರಮ್ಮುಗಳ ಸುತ್ತ ಎರಡು ಸುತ್ತು ಹಾಕಿದರು.
ಇದರಲ್ಲಿ ಕೆಂಪು ಯಾವುದು ಮಗಾ?

ಗೇಲಿ ಅಂದುಕೊಂಡೆ.
ಮುಖ ನೋಡಿದೆ. ಗೇಲಿ ಅಲ್ಲ.

ನನಗೆ ಎರಡೂ ಒಣಹುಲ್ಲು, ಅಂದರು.
ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಬಿಡಿಸಿ
ಎಲ್ಲರ ಹಾಗೆ ನೋಡುತ್ತೇನೆ,
ಮೂಸಿ ಕೊಳ್ಳುತ್ತೇನೆ.
ಖತೀಜಳಿಗೂ ಗೊತ್ತಿಲ್ಲ.
ಟಯರಿಗೆ, ಪಂಚೆಗೆ ಬಣ್ಣ ಬೇಕಿರಲಿಲ್ಲ.

ನಲವತ್ತೊಂದು ವರ್ಷ ನಮ್ಮನ್ನೆಲ್ಲ ದಾಟಿಸಿದ ಕಣ್ಣು.

ರಾತ್ರಿ, ಥಿನ್ನರಿನ ವಾಸನೆಯ ಕೈಯಲ್ಲೇ
ಮೇಡಂ ಕೊಟ್ಟ ಹಾಳೆ ತಿರುವಿದೆ.
ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಎರಡು ಚಿತ್ರ:
ಕೆಂಪಿಗೆ ಚಪ್ಪಟೆ ತಲೆ, ಬಿಸ್ಕೀಟಿನ ಡಬ್ಬಿಯಂತೆ.
ಹಸಿರಿಗೆ ಚೂಪು, ಮುಟ್ಟಾಳೆ ಇಟ್ಟಂತೆ.

ಕಂಟ್ರಾಕ್ಟರ್ ರೈಮಂಡ್ ಪಿರೇರಾ ಹೇಳಿದ್ದ,
ತಗಡಿಗೆ ಯಾಕೆ ದುಡ್ಡು, ಎಲ್ಲ ಡ್ರಮ್ಮೇ ಇರಲಿ,
ಬಣ್ಣ ಹೊಡೆದು ಬಿಡು.
ನಾನೂ ಹೂಂ ಅಂದಿದ್ದೆ.

ಯಾವ ದೇಶದ ಯಾವ ಮೇಜಿನ ಮುಂದೆ
ಯಾರಿಗೆ ಬಂದಿತ್ತು ಇದ್ದಿನಬ್ಬರ ನೆನಪು?
ಟೈ ಕಟ್ಟಿದ ಒಬ್ಬ, ಊಟದ ಹೊತ್ತಾಗಿದ್ದರೂ,
ಒಂದು ನಿಮಿಷ ಇರಿ, ಬಣ್ಣ ಕಾಣದವರು ಏನು ಮಾಡುತ್ತಾರೆ
ಎಂದು ಕೇಳಿರಬೇಕು.
ಉಳಿದವರು ಗೊಣಗಿರಬೇಕು.

ಹನ್ನೊಂದು ಚೂಪು ತಲೆ ಬೆಸೆಸಿದೆ.
ಪಿರೇರಾ ಅರ್ಧ ಕೊಟ್ಟ. ಉಳಿದದ್ದು ಕೇಳಬೇಡಿ.

ಇಬ್ಬನಿಯ ಒಂದು ಬೆಳಿಗ್ಗೆ ಕಡವಿನ ದೋಣಿಯಲ್ಲಿದ್ದೆ.
ಬಣ್ಣ ನನಗೂ ಕಾಣಲಿಲ್ಲ.
ಚಪ್ಪಟೆ, ಅಂದರು ಇದ್ದಿನಬ್ಬ ತಮ್ಮಷ್ಟಕ್ಕೆ.
ಸ್ವಲ್ಪ ಹೊತ್ತಿನ ಮೇಲೆ, ಮುಟ್ಟಾಳೆ.
ಶಾಲೆಯ ಹುಡುಗಿಯೊಬ್ಬಳು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

ಹಳೆಯ ಗುರುತು ಕೀಳಬೇಕೆಂದೂ ಆದೇಶ ಇತ್ತು.
ಪಂಚೆ ಕಿತ್ತೆವು. ಕೂಳೂರಿನ ಗಳ ಮಾತ್ರ,
ದೋಣಿ ಒಡೆದ ಮರುದಿನ ಭುಜಂಗ ಕರ್ಕೇರ ನೆಟ್ಟದ್ದು,
ಕುತ್ತಿಗೆಯವರೆಗೆ ಚಿಪ್ಪು ಹತ್ತಿಸಿಕೊಂಡು
ನಾಲ್ವರು ಜಗ್ಗಿದರೂ ಅಲುಗಲಿಲ್ಲ.
ಇನ್ನೊಮ್ಮೆ ಜಗ್ಗಬಹುದಿತ್ತು.

ರಿಜಿಸ್ಟರಿನಲ್ಲಿ ಬರೆದೆ:
ಭರತದ ನೀರು, ಗುರುತು ಕಾಣಲಿಲ್ಲ.
ಮೇಡಂ ಓದಿದರು, ಕಿಟಕಿಯಾಚೆ ನೋಡಿದರು
(ಹೊರಗೆ ಇಳಿತ, ಕೆಸರು, ಕೊಕ್ಕರೆ),
ಸಹಿ ಹಾಕಿದರು.